ಮೊದಲು ಓದು, ಆಮೇಲೆ ಗುಂಡು

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಸರ್ರಿ ಕೌಂಟಿಯ ಬ್ರೂಕ್‌ವುಡ್ ಬರುತ್ತದೆ. ನಿಲ್ದಾಣದ ಒಂದು ಮಗ್ಗುಲಲ್ಲಿ 1854ರಲ್ಲಿ ತೆರೆದ ವಿಶಾಲ ಸ್ಮಶಾನ. ಬೆಂಗಳೂರಿಗೆ ವಿಜ್ಞಾನ ಸಂಸ್ಥೆ ಬರಲು ಕಾರಣರಾದ ಜೆಮ್‌ಶೆಡ್‌ಜಿ ಟಾಟಾ ಅವರ ಸಮಾಧಿ ಇರುವುದು ಅಲ್ಲಿಯೇ, ಪಾರ್ಸಿಗಳ ಭಾಗದಲ್ಲಿ. ಇನ್ನೊಂದು ಮಗ್ಗುಲಿಗೆ ತಿರುಗಿ, ಪೈನ್ ಮತ್ತು ಬರ್ಚ್ ಮರಗಳ ನಡುವಿನ ಮರಳು ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ದೂರದಿಂದ ಸದ್ದು ಕೇಳತೊಡಗುತ್ತದೆ. ಈಗಿನ ರೈಫಲ್‌ನ ಚುರುಕಾದ ಛಟೀಲು ಅದಲ್ಲ. ಎದೆಗೆ ತಟ್ಟುವ, ನಿಧಾನವಾದ, ದಪ್ಪ ಸದ್ದು. ಅದರ ಹಿಂದೆಯೇ ಗಾಳಿಯಲ್ಲಿ ಗಂಧಕದ ವಾಸನೆ. ಬಿಸ್ಲಿ ಕ್ಯಾಂಪ್ ಹತ್ತಿರವಾಯಿತೆಂದು ಮೂಗೇ ಹೇಳುತ್ತದೆ.

ಇಲ್ಲಿ ಪ್ರತಿವರ್ಷ ಅಕ್ಟೋಬರ್‌ನಲ್ಲಿ ಟ್ರಫಾಲ್ಗರ್ ಮೀಟಿಂಗ್ ಎಂಬ ಕೂಟ ನಡೆಯುತ್ತದೆ. ನೂರು, ನೂರೈವತ್ತು ವರ್ಷ ಹಿಂದಿನ ಸೈನ್ಯದ ರೈಫಲ್‌ಗಳನ್ನು ಸಂಗ್ರಹಿಸಿದವರು ಅವನ್ನು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು ಬರುವುದಿಲ್ಲ, ಹೆಗಲಿಗೇರಿಸಿ ತರುತ್ತಾರೆ. ಬಂದು, ಗುರಿ ಹಲಗೆಗೆ ಹಾರಿಸುತ್ತಾರೆ. ಇಷ್ಟು ಹಳೆಯ ಕಬ್ಬಿಣ ಕೆನ್ನೆಯ ಪಕ್ಕದಲ್ಲೇ ಸಿಡಿಯುವಾಗ ಮನುಷ್ಯ ಹೇಗೆ ಸುರಕ್ಷಿತವಾಗಿ ಉಳಿಯುತ್ತಾನೆ ಎಂಬುದು ಬಹಳ ಕಾಲದಿಂದ ನನ್ನನ್ನು ಕಾಡುತ್ತಿದ್ದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿಕೊಂಡೇ ಇಲ್ಲಿಗೆ ಬಂದದ್ದು.

ತಗಡಿನ ಮಾಡು, ಮರದ ಜಗಲಿ

ಕ್ಯಾಂಪಿನ ಒಳಗೆ ಕಾಲಿಟ್ಟರೆ ವಿಕ್ಟೋರಿಯಾ ರಾಣಿಯ ಕಾಲ ಇನ್ನೂ ಮುಗಿದಂತಿಲ್ಲ. ದಾರಿಯ ಎರಡೂ ಕಡೆ ಕ್ಲಬ್ ಮನೆಗಳು: ತಗಡಿನ ಮಾಡು, ಬಿಳಿ ಬಣ್ಣದ ಮರದ ಕಂಬ, ಮುಂದೆ ಅಗಲವಾದ ಜಗಲಿ. ಜಗಲಿಯ ಮೇಲೆ ಟೀ ಕುಡಿಯುತ್ತ ಕೂತವರ ಪಕ್ಕದಲ್ಲಿ ಕ್ಯಾನ್ವಾಸ್ ಚೀಲಗಳಲ್ಲಿ ರೈಫಲ್‌ಗಳು.

ಫ್ರಾನ್ಸ್ ದಂಡೆತ್ತಿ ಬರಬಹುದೆಂಬ ಭಯ ಇಂಗ್ಲೆಂಡಿನಲ್ಲಿ ಹಬ್ಬಿದ್ದ 1859ರಲ್ಲಿ ಸ್ವಯಂಸೇವಕ ಪಡೆಗಳು ಎಲ್ಲೆಡೆ ಹುಟ್ಟಿಕೊಂಡವು. ಅವರಿಗೆ ಗುರಿ ಕಲಿಸಲು ಆಗಲೇ ಹುಟ್ಟಿದ್ದು ನ್ಯಾಷನಲ್ ರೈಫಲ್ ಅಸೋಸಿಯೇಷನ್. 1860ರ ಜುಲೈನಲ್ಲಿ ವಿಂಬಲ್ಡನ್ ಬಯಲಿನಲ್ಲಿ ಮೊದಲ ಸ್ಪರ್ಧೆ ನಡೆದಾಗ ವಿಕ್ಟೋರಿಯಾ ರಾಣಿಯೇ ಮೊದಲ ಗುಂಡು ಹಾರಿಸಿದರು. ಕಬ್ಬಿಣದ ಆಸರೆಗೆ ಬಿಗಿದಿದ್ದ ವಿಟ್‌ವರ್ತ್ ರೈಫಲ್‌ನಿಂದ ಹೊರಟ ಆ ಗುಂಡು 400 ಗಜ ದೂರದ ಹಲಗೆಯ ನಟ್ಟನಡುವಿಗೆ ಬಹಳ ಹತ್ತಿರ ಬಿತ್ತು. ವಿಂಬಲ್ಡನ್ ಸುತ್ತ ಮನೆಗಳು ಹೆಚ್ಚಿ ಜಾಗ ಸಾಲದಾದಾಗ, 1890ರಲ್ಲಿ ಇಡೀ ವ್ಯವಸ್ಥೆ ಬಿಸ್ಲಿಗೆ ಬಂತು. ಬ್ರೂಕ್‌ವುಡ್‌ನಿಂದ ಕ್ಯಾಂಪಿಗೆಂದೇ ಹಾಕಿದ್ದ ಕಿರು ರೈಲು ಮಾರ್ಗ 1952ರಲ್ಲಿ ನಿಂತುಹೋಯಿತು. ರೇಂಜುಗಳು ಮಾತ್ರ ನಿಲ್ಲಲಿಲ್ಲ.

ಇಲ್ಲಿ ಪ್ರತಿ ಜುಲೈನಲ್ಲಿ ನಡೆಯುವ ಇಂಪೀರಿಯಲ್ ಮೀಟಿಂಗ್‌ನಲ್ಲಿ ‘ಕೊಲಾಪುರ್’ ಎಂಬ ತಂಡಗಳ ಸ್ಪರ್ಧೆಯೊಂದಿದೆ. ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ರಾಜನ ಹೆಸರಿನ ಬಟ್ಟಲಿಗಾಗಿ 1871ರಿಂದ ದೇಶದೇಶಗಳ ಗುರಿಕಾರರು ಸೆಣಸುತ್ತ ಬಂದಿದ್ದಾರೆ. 1870ರಲ್ಲಿ ಇಂಗ್ಲೆಂಡಿಗೆ ಬಂದ ತರುಣ ರಾಜಾರಾಮ ಮಹಾರಾಜ ಊರಿಗೆ ಮರಳುವ ದಾರಿಯಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಅಲ್ಲಿನ ನದಿ ದಂಡೆಯ ಉದ್ಯಾನದಲ್ಲಿ ಅವನ ಸ್ಮಾರಕವಿದೆ. ಬಟ್ಟಲು ಇಲ್ಲಿ ಉಳಿಯಿತು. ಬಿಸ್ಲಿಯ ಕಥೆಯಲ್ಲಿ ಭಾರತ ಹೊರಗಿನ ಅತಿಥಿಯಲ್ಲ, ಮೊದಲಿಂದಲೂ ಒಳಗೇ ಇದೆ. ಮೇಜುಗಳ ಮೇಲೆ ಹರಡಿದ್ದ ರೈಫಲ್‌ಗಳನ್ನು ನೋಡಿದಾಗ ಅದು ಇನ್ನಷ್ಟು ಸ್ಪಷ್ಟವಾಯಿತು.

ಕಬ್ಬಿಣದ ಮೇಲೆ ಬರೆದ ಚರಿತ್ರೆ

ನನಗೆ ಎಲ್ಲ ತೋರಿಸಲು ಒಪ್ಪಿದವರು ನಿವೃತ್ತ ಎಂಜಿನಿಯರ್, ಹಳೆ ರೈಫಲ್‌ಗಳ ಸಂಗ್ರಾಹಕರು. ಚೀಲ ಬಿಚ್ಚಿ ಅವರು ಮೊದಲು ಮೇಜಿನ ಮೇಲಿಟ್ಟದ್ದು ಮಾರ್ಟಿನಿ-ಹೆನ್ರಿ. 1871ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ಈ ರೈಫಲ್‌ನ ಬೀಗದ ಭಾಗ ಸ್ವಿಟ್ಜರ್ಲೆಂಡಿನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಫ್ರೆಡ್ರಿಕ್ ಫಾನ್ ಮಾರ್ಟಿನಿಯದು, ನಳಿಗೆಯ ಒಳಗಿನ ಏಳು ತೋಡುಗಳ ತಿರುಚು ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯದು. ತೂಕ ಸುಮಾರು ನಾಲ್ಕು ಕಿಲೋ. ಟ್ರಿಗರ್ ಹಿಂದಿನ ಸನ್ನೆಯನ್ನು ಕೆಳಕ್ಕೆ ಒತ್ತಿದರೆ ಒಳಗಿನ ಉಕ್ಕಿನ ದಿಮ್ಮಿಯ ಮುಂತುದಿ ಬಾಗಿ ತೋಟೆಯ ಗೂಡು ತೆರೆದುಕೊಳ್ಳುತ್ತದೆ. ಒಂದು ತೋಟೆಯನ್ನು ಹೆಬ್ಬೆರಳಿನಿಂದ ದೂಡಿ ಸನ್ನೆ ಮೇಲೆತ್ತಿದರೆ ಬಂದೂಕು ಸಿದ್ಧ. ಬಲಗಡೆಯಲ್ಲಿ ಹನಿಯ ಆಕಾರದ ಪುಟ್ಟ ಸೂಚಕ ತಿರುಗಿ ನಿಂತು, ಒಳಗಿನ ಸ್ಪ್ರಿಂಗ್ ಬಿಗಿಯಾಗಿದೆ ಎಂದು ತೋರಿಸುತ್ತದೆ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡಲ್‌ವಾನಾದಲ್ಲಿ ಜುಲು ಯೋಧರೆದುರು ಸೋತ ಬ್ರಿಟಿಷರ ಕೈಯಲ್ಲೂ, ಅದೇ ದಿನ ಕೆಲವೇ ಮೈಲಿ ದೂರದ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ಉಳಿದುಕೊಂಡವರ ಕೈಯಲ್ಲೂ ಇದ್ದದ್ದು ಈ ರೈಫಲ್ಲೇ.

ಅದರ ಬಲ ಮಗ್ಗುಲು ಓದುವಂಥದ್ದು. ಮೇಲೆ ಕಿರೀಟ, ಅದರಡಿ ವಿಕ್ಟೋರಿಯಾ ರಾಣಿಯ ಎರಡಕ್ಷರ, ಕಾರ್ಖಾನೆಯ ಹೆಸರು, ಇಸವಿ, ಎಷ್ಟನೆಯ ಮಾರ್ಕ್ ಎಂಬ ಗುರುತು. ಸರ್ಕಾರಿ ಸ್ವತ್ತೆಂದು ಸಾರುವ ಅಗಲ ಬಾಣದ ಮುದ್ರೆ. ನಳಿಗೆಯ ಬುಡದಲ್ಲಿ ಪರೀಕ್ಷೆಯ ಮುದ್ರೆಗಳು. ಇವಿಷ್ಟೂ ಸಂಗ್ರಾಹಕರಿಗೆ ಬಾಯಿಪಾಠ. ಆದರೆ ಅವರು ತೋರಿಸಿದ ಇನ್ನೊಂದು ರೈಫಲ್‌ನ ಮೇಲೆ, ಇಂಗ್ಲಿಷ್ ಅಕ್ಷರಗಳಿಂದ ಸ್ವಲ್ಪ ದೂರದಲ್ಲಿ, ಉಳಿಯಿಂದ ಕೊರೆದ ದೇವನಾಗರಿ ಅಂಕಿಗಳಿದ್ದವು. ಅವನ್ನು ನಾನು ಓದಿ ಹೇಳಿದೆ. ಅವರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಅದು ನೇಪಾಳದ ದಾಸ್ತಾನಿನ ಸಂಖ್ಯೆ.

ಆ ದಾಸ್ತಾನಿನದು ಈ ಹವ್ಯಾಸದ ದೊಡ್ಡ ಕಥೆಗಳಲ್ಲಿ ಒಂದು. ಕಠ್ಮಂಡುವಿನ ಲಗನ್ ಸಿಲೆಖಾನಾ ಎಂಬ ಹಳೆ ಅರಮನೆಯಲ್ಲಿ ನೇಪಾಳದ ಸೇನೆ ತಲೆಮಾರುಗಳಿಂದ ಬಳಸಿ ಬಿಟ್ಟ ಆಯುಧಗಳನ್ನೆಲ್ಲ ಒಟ್ಟಿತ್ತು. ಸುಮಾರು 50 ಸಾವಿರ ಬಂದೂಕುಗಳು. ಬ್ರೌನ್ ಬೆಸ್, ಬ್ರನ್ಸ್‌ವಿಕ್, ಎನ್‌ಫೀಲ್ಡ್, ಸ್ನೈಡರ್, ಮಾರ್ಟಿನಿ ಎಲ್ಲವೂ ಧೂಳು ಗ್ರೀಸುಗಳ ಅಡಿಯಲ್ಲಿ ಮಲಗಿದ್ದವು. 2003ರಲ್ಲಿ ವ್ಯಾಪಾರಿಗಳು ಆ ಸಂಗ್ರಹವನ್ನು ಕೊಂಡು ಹೊರಗೆ ತಂದ ಮೇಲೆ, ಅದುವರೆಗೆ ಶ್ರೀಮಂತರಿಗಷ್ಟೇ ಎಟಕುತ್ತಿದ್ದ ಮಾರ್ಟಿನಿ-ಹೆನ್ರಿ ಸಾಮಾನ್ಯ ಸಂಬಳದವರ ಮನೆಗೂ ಬಂತು.

ಆ ರಾಶಿಯಲ್ಲಿ ನೇಪಾಳದಲ್ಲೇ ಕೈಯಿಂದ ತಯಾರಾದ ಗೆಹೇಂದ್ರ ರೈಫಲ್‌ಗಳೂ ಇದ್ದವು. ರಾಣಾ ಮನೆತನದ ಜನರಲ್ ಗೆಹೇಂದ್ರ ಶಂಶೇರ್ ಹೆಸರಿನವು. ಹೊರನೋಟಕ್ಕೆ ಮಾರ್ಟಿನಿಯ ತಮ್ಮನೇ. ಆದರೆ ಪ್ರತಿಯೊಂದೂ ಕೈಕೆಲಸ. ಉಕ್ಕಿನ ಗಟ್ಟಿತನ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಹೀಗಾಗಿ ಮಾರಿದವರೇ ಇವನ್ನು ಹಾರಿಸಬೇಡಿ ಎಂದು ಎಚ್ಚರಿಸಿದರು. ನನ್ನ ಮಾರ್ಗದರ್ಶಕರ ಬಳಿಯೂ ಒಂದಿದೆ. ಅದನ್ನು ಅವರು ಬಿಸ್ಲಿಗೆ ತರುವುದೇ ಇಲ್ಲ. “ನನ್ನ ಸಂಗ್ರಹದಲ್ಲಿ ನಾನು ಹೆಚ್ಚು ಓದಿರುವುದು ಅದನ್ನೇ. ಅದಕ್ಕೇ ಅದನ್ನು ಹಾರಿಸಿಲ್ಲ” ಎಂದರು.

ಪಕ್ಕದ ಮೇಜಿನಲ್ಲಿ ಇನ್ನೂ ಕಠಿಣವಾದ ಪಾಠವಿತ್ತು. ಪೇಶಾವರ ಮತ್ತು ಕೊಹಾಟ್ ನಡುವಿನ ದರ್ರಾ ಆದಮ್ ಖೇಲ್‌ನಂಥ ಊರುಗಳಲ್ಲಿ ಕಮ್ಮಾರರು ಅರ ಮತ್ತು ಸುತ್ತಿಗೆಯಿಂದ ಮಾಡಿದ ನಕಲುಗಳು ಅಫ್ಘಾನಿಸ್ತಾನಕ್ಕೆ ಹೋದ ಸೈನಿಕರ ಜೊತೆ ಪಶ್ಚಿಮಕ್ಕೆ ಬಂದಿವೆ. ಇಂಗ್ಲಿಷ್ ಬಾರದ ಕೈ ಅಕ್ಷರಗಳನ್ನು ಚಿತ್ರದ ಹಾಗೆ ನಕಲು ಮಾಡಿದ್ದರಿಂದ ಎನ್‌ಫೀಲ್ಡ್ ಎಂಬ ಹೆಸರಿನ ಒಂದಕ್ಷರ ಹಿಂದುಮುಂದಾಗಿರುತ್ತದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಆಕೆಯ ಮುದ್ರೆಯ ಕೆಳಗೆ ಅದಕ್ಕೂ ಎಷ್ಟೋ ವರ್ಷ ಈಚಿನ ಇಸವಿ ಕಂಡರೆ ಬೇರೆ ಸಾಕ್ಷಿ ಬೇಡ. ಮುದ್ರೆ ಓದುವುದು ಇಲ್ಲಿ ಪಾಂಡಿತ್ಯದ ಪ್ರದರ್ಶನವಲ್ಲ. ಆ ತಪ್ಪಕ್ಷರವನ್ನು ಗುರುತಿಸಿದವನು ತನ್ನ ಕಣ್ಣು ಉಳಿಸಿಕೊಂಡ.

ಭಾರತಕ್ಕೆಂದೇ ಮಾಡಿದ ಬಂದೂಕುಗಳು

ಮೂರನೆಯ ಮೇಜಿಗೆ ಬಂದಾಗ ಪರಿಚಿತ ಮುಖ ಎದುರಾಯಿತು. ನಮ್ಮ ಪೊಲೀಸರ ಹೆಗಲಲ್ಲಿ, ಎನ್‌ಸಿಸಿ ಮೈದಾನದಲ್ಲಿ ಕಂಡ ತ್ರೀ ನಾಟ್ ತ್ರೀ. ಬೋಲ್ಟ್ ಹಿಂದಿನ ಪಟ್ಟಿಯ ಮೇಲೆ ಕಿರೀಟ, ಕೆಳಗೆ ಇಶಾಪುರ ಎಂಬ ಹೆಸರು. ಕೋಲ್ಕತ್ತದ ಬಳಿಯ ಇಶಾಪುರ ಕಾರ್ಖಾನೆ ಕಳೆದ ಶತಮಾನದ ಆರಂಭದಿಂದ ಲೀ-ಎನ್‌ಫೀಲ್ಡ್ ತಯಾರಿಸಿತು. ಸ್ವಾತಂತ್ರ್ಯದ ನಂತರ 1960ರ ದಶಕದಲ್ಲಿ ಅದೇ ವಿನ್ಯಾಸವನ್ನು 7.62 ಮಿಲಿಮೀಟರ್ ತೋಟೆಗೆ ಹೊಂದಿಸಿ 2ಎ ರೈಫಲ್ ಮಾಡಿತು.

ಇಶಾಪುರದ ಕೆಲವು ರೈಫಲ್‌ಗಳ ಮುಂಭಾಗಕ್ಕೆ ತಂತಿ ಸುತ್ತಿ ಬೆಸುಗೆ ಹಾಕಿರುತ್ತದೆ. ಅವು ಗ್ರೆನೇಡ್ ಎಸೆಯಲು ಮೀಸಲಿಟ್ಟವು. ಮತ್ತೆಮತ್ತೆ ಆ ಒದೆತ ತಿಂದ ಉಕ್ಕನ್ನು ಸಾಮಾನ್ಯ ಗುಂಡಿಗೆ ನಂಬಬಾರದೆಂದು ಇಲ್ಲಿಯವರು ಅವನ್ನು ಬದಿಗಿಡುತ್ತಾರೆ. ಇನ್ನು ಕೆಲವು ನೋಡಲು ಪಕ್ಕಾ ತ್ರೀ ನಾಟ್ ತ್ರೀ, ಆದರೆ ನಳಿಗೆಯಲ್ಲಿ ತಿರುಚೇ ಇಲ್ಲ. ಪೊಲೀಸರಿಗೆ, ಕಾವಲುಗಾರರಿಗೆ ಕೊಡಲೆಂದು ಕೊರೆದು ನುಣುಪಾಗಿಸಿದ .410 ಮಸ್ಕೆಟ್‌ಗಳು ಅವು. ಸೈನ್ಯದ ತೋಟೆ ಅವಕ್ಕೆ ಹೊಂದದಿರಲಿ ಎಂಬುದೇ ಉದ್ದೇಶ. ಅಂಗಡಿಯಲ್ಲಿ ಸಿಗುವ .410 ಚರೆ ತೋಟೆ ಹೆಸರಿಗೆ ಮಾತ್ರ ಅದೇ ಅಳತೆ. ಈ ಮಸ್ಕೆಟ್ಟಿನ ಗೂಡು ಮಾಡಿದ್ದು ಬೇರೆಯೇ ತೋಟೆಗೆ. ಹೆಸರು ನಂಬಿ ತುರುಕಿದರೆ ತೋಟೆಯ ಹಿತ್ತಾಳೆ ಸೀಳುತ್ತದೆ.

ಪೊಲೀಸರ ಕೈಗೂ ತಿರುಚಿನ ನಳಿಗೆ ಕೊಡದ ಈ ಅಪನಂಬಿಕೆಗೆ ಹಿನ್ನೆಲೆಯಿದೆ. ಕೊಬ್ಬು ಸವರಿದ ತೋಟೆಯಿಂದ 1857ರ ಕಿಡಿ ಹಾರಿದ್ದು ಇದೇ ಬಯಲಿನಲ್ಲಿ ಇಂದು ಗುರಿ ಹಿಡಿಯುವ 1853ರ ಮಾದರಿಯ ಎನ್‌ಫೀಲ್ಡ್‌ಗಾಗಿ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳ ಕೈಗೆ ಬಂದದ್ದು ಅದೇ ಎನ್‌ಫೀಲ್ಡ್, ಆದರೆ ದೂರದ ಗುರಿ ತಲುಪದಂತೆ ತಿರುಚಿಲ್ಲದೆ ಮಾಡಿದ್ದು. ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು 1857ರಲ್ಲೇ ಬಂದಿತ್ತು. ಅದನ್ನು ಒಪ್ಪದೆ ಸಿಡಿದ ಮುಧೋಳ ಸೀಮೆಯ ಹಲಗಲಿಯ ಬೇಡರ ಕಥೆಯನ್ನು ಲಾವಣಿಯಲ್ಲಿ ಕೇಳದ ಕನ್ನಡಿಗರು ಕಡಿಮೆ. ಅದೇ ಕಾನೂನಿನಿಂದ ಕೊಡವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಹಲಗಲಿ ಹೊತ್ತಿ ಉರಿಯಿತು, ಕೊಡಗಿನಲ್ಲಿ ಕೋವಿ ಉಳಿಯಿತು. ತಿರುಚಿಲ್ಲದ ಆ ನಳಿಗೆಯೊಳಗೆ ಇಣುಕುವಾಗ ನನಗೆ ಕಂಡದ್ದು ಈ ಚರಿತ್ರೆ. ಪುಸ್ತಕದಲ್ಲಿ ಓದಿದ್ದೇ ಆದರೂ ಬೆರಳಿಗೆ ತಾಕಿದಾಗ ಅದರ ಭಾರ ಬೇರೆ.

ಹಾರಿಸುವ ಮುನ್ನ

ಒಂದು ಹಳೆಯ ರೈಫಲ್ ಕೈಗೆ ಬಂದ ದಿನದಿಂದ ಮೊದಲ ಗುಂಡು ಹಾರುವವರೆಗೆ ಏನೇನು ನಡೆಯಬೇಕು? ಎಂಜಿನಿಯರ್ ಮೇಜಿನ ಮೇಲೆ ಉಪಕರಣಗಳನ್ನು ಸಾಲಾಗಿ ಜೋಡಿಸಿ ವಿವರಿಸಿದರು.

ಮೊದಲು ಪೂರ್ತಿ ಬಿಚ್ಚಬೇಕು. ಮರದ ಹಿಡಿಯ ಅಡಿಯಲ್ಲಿ ತುಕ್ಕು ನುಂಗಿದ ಗುಳಿಗಳು ಅಡಗಿರುತ್ತವೆ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಉಂಗುರದಂಥ ಕಪ್ಪು ನೆರಳು ಕಂಡರೆ, ಹಿಂದೆಂದೋ ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿ ಉಕ್ಕು ಉಬ್ಬಿದೆ ಎಂದರ್ಥ. ಅಂಥದ್ದು ಅಲ್ಲಿಗೇ ನಿಂತಿತು, ಗೋಡೆಗೆ ಹೋಯಿತು.

ಎರಡನೆಯದು ಅಳತೆ. ಹಳೆಯ ರೈಫಲ್‌ಗಳನ್ನು ದಾರಿಯುದ್ದಕ್ಕೂ ಯಾರ್‍ಯಾರೋ ತಿದ್ದಿರುತ್ತಾರೆ, ಹಣೆಪಟ್ಟಿಯಲ್ಲಿರುವ ಅಳತೆಯೇ ಒಳಗಿದೆ ಎಂಬ ಖಾತರಿಯಿಲ್ಲ. ಕಡಿಮೆ ಬಿಸಿಗೇ ಕರಗುವ ಮಿಶ್ರಲೋಹವನ್ನು ತೋಟೆಯ ಗೂಡಿಗೆ ಸುರಿದು, ಗಟ್ಟಿಯಾದ ಮೇಲೆ ಹೊರತೆಗೆದರೆ ಗೂಡಿನ ಪಡಿಯಚ್ಚು ಕೈಗೆ ಸಿಗುತ್ತದೆ. ಮೆತ್ತನೆಯ ಸೀಸದ ಉಂಡೆಯೊಂದನ್ನು ಕೋಲಿನಿಂದ ನಳಿಗೆಯ ಉದ್ದಕ್ಕೂ ತಳ್ಳಿದರೆ ತೋಡುಗಳ ಆಳ ಅಗಲ ಅದರ ಮೈಮೇಲೆ ಮೂಡುತ್ತದೆ. ತಳ್ಳುವಾಗ ಒಂದೆಡೆ ಥಟ್ಟನೆ ಸಡಿಲವಾದರೆ ಅಲ್ಲಿ ಉಬ್ಬಿದೆ. ಕಣ್ಣಿಗೆ ಕಾಣದ್ದನ್ನು ಕೈ ಹೇಳುತ್ತದೆ.

ಮೂರನೆಯದು ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟೆಯ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ. ಅದು ಹೆಚ್ಚಾದರೆ ಸಿಡಿಯುವಾಗ ಹಿತ್ತಾಳೆ ಹಿಂದಕ್ಕೆ ಹಿಗ್ಗಿ ಹರಿಯುತ್ತದೆ, ಬಿಸಿ ಅನಿಲ ಮುಖಕ್ಕೆ ನುಗ್ಗುತ್ತದೆ. ಉಕ್ಕಿನ ಬಿಲ್ಲೆಗಳನ್ನು ಇಟ್ಟು ಪರೀಕ್ಷಿಸುತ್ತಾರೆ: ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಎರಡನೇ ಮಹಾಯುದ್ಧದ ನಂಬರ್ 4 ಲೀ-ಎನ್‌ಫೀಲ್ಡ್‌ನಲ್ಲಿ ಈ ಅಂತರ ಸರಿಪಡಿಸಲು 0, 1, 2, 3 ಎಂಬ ಬೋಲ್ಟ್ ತಲೆಗಳನ್ನೇ ಮಾಡಿದ್ದರು. ಬೋಲ್ಟಿನ ಮೇಲಿನ ಸಂಖ್ಯೆ ಮತ್ತು ರೈಫಲ್ಲಿನ ಸಂಖ್ಯೆ ಹೊಂದದಿದ್ದರೆ ಯಾರೋ ಎರಡು ಬಂದೂಕುಗಳನ್ನು ಕಲಸಿದ್ದಾರೆಂದು ತಿಳಿದು ಹೊಸದಾಗಿ ಅಳೆಯಬೇಕು.

ನಾಲ್ಕನೆಯದು ಪ್ರೂಫ್ ಹೌಸ್. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಲ್ಲಿ ಶುರುವಾಯಿತು, ಲಂಡನ್ನಿನದು ಅದಕ್ಕಿಂತ ಹಳೆಯದು. ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದ ತೋಟೆಯನ್ನು ಅಲ್ಲಿ ಮರೆಯಲ್ಲಿಟ್ಟು ಹಾರಿಸಿ, ತಡೆದುಕೊಂಡ ನಳಿಗೆಗೆ ಮುದ್ರೆ ಒತ್ತುತ್ತಾರೆ. ಅಷ್ಟಾದ ಮೇಲೂ ಮೊದಲ ಗುಂಡನ್ನು ಹೆಗಲಿಗಿಟ್ಟು ಹಾರಿಸುವುದಿಲ್ಲ. ರೈಫಲ್ಲನ್ನು ಆಸರೆಗೆ ಬಿಗಿದು, ದೂರದಿಂದ ಹಗ್ಗ ಎಳೆದು ಹಾರಿಸಿ, ಹೊರಬಂದ ಹಿತ್ತಾಳೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಹಾರಿದ ತೋಟೆಯ ಮೈ ಒಳಗಿನ ಸ್ಥಿತಿಗೆ ಕೊನೆಯ ಸಾಕ್ಷಿ.

ಕರಿಮದ್ದಿನ ಲೆಕ್ಕ

ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಭಾಗ: ಇದು ಕರಿಮದ್ದು. ಬ್ರಿಟನ್ನಿಗೆ ಆ ಪೆಟ್ಲುಪ್ಪು ಬಹುಪಾಲು ಹೋಗುತ್ತಿದ್ದದ್ದು ಬಿಹಾರದಿಂದ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿಯುವವರೆಗೆ ಲೋಕದ ಯುದ್ಧಗಳೆಲ್ಲ ನಡೆದದ್ದು ಕರಿಮದ್ದಿನಿಂದಲೇ. ಹೊಗೆಯಿಲ್ಲದ ಮದ್ದಿನ ಒತ್ತಡ ಬಹಳ ಹೆಚ್ಚು. ಕರಿಮದ್ದಿನ ಕಾಲದ ನಳಿಗೆ ಅದನ್ನು ತಾಳದು. ಹಳೆ ರೈಫಲ್‌ಗಳ ಲೋಕದಲ್ಲಿ ಯಾವ ಸಬೂಬಿಗೂ ಮುರಿಯದ ನಿಯಮ ಒಂದಿದ್ದರೆ ಅದು ಇದೇ: ಕರಿಮದ್ದಿನ ಬಂದೂಕಿಗೆ ಕರಿಮದ್ದು ಮಾತ್ರ.

ಮಾರ್ಟಿನಿಯ .577/450 ತೋಟೆ ಹಳೆಯ ರೂಪದಲ್ಲಿ ಇಂದು ಸಿಗುವುದಿಲ್ಲ. ಮೊದಲು ಅದನ್ನು ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡುತ್ತಿದ್ದರು. ನಳಿಗೆ ಕಾದಾಗ ಹಾಳೆ ಅಂಟಿಕೊಂಡು ಸೈನಿಕರು ಪಟ್ಟ ಪಾಡು ಆಫ್ರಿಕಾದ ಕಾಳಗಗಳ ದಾಖಲೆಯಲ್ಲಿದೆ. ಇಂದಿನ ಹವ್ಯಾಸಿಗಳು 24 ಬೋರಿನ ಹಿತ್ತಾಳೆ ಚರೆ ತೋಟೆಯನ್ನು ಅಚ್ಚಿಗೆ ಒತ್ತಿ ಕತ್ತು ಸಣ್ಣ ಮಾಡಿ, ತಮ್ಮ ತೋಟೆಯನ್ನು ತಾವೇ ತಯಾರಿಸುತ್ತಾರೆ. ಗುಂಡು 31 ಗ್ರಾಂ ಸೀಸ. ಅದಕ್ಕೆ ತೆಳು ಕಾಗದವನ್ನು ಬೀಡಿ ಸುತ್ತುವಷ್ಟೇ ನಾಜೂಕಾಗಿ ಎರಡು ಸುತ್ತು ಸುತ್ತಿ, ಬುಡದಲ್ಲಿ ತಿರುಚುವುದನ್ನು ನೋಡಿದೆ. ಗುಂಡಿನ ಸೀಸ ತೋಡುಗಳಿಗೆ ಮೆತ್ತಿಕೊಳ್ಳದಂತೆ ತಡೆಯುವುದು ಆ ಕಾಗದ. ಮದ್ದು ಮತ್ತು ಗುಂಡಿನ ನಡುವೆ ಜೇನುಮೇಣದ ಬಿಲ್ಲೆ. ಕರಿಮದ್ದಿನ ತೋಟೆಯಲ್ಲಿ ಖಾಲಿ ಜಾಗ ಉಳಿಯಕೂಡದು. ಉಳಿದರೆ ನಳಿಗೆ ಉಬ್ಬುತ್ತದೆ. ಹೀಗಾಗಿ ಪ್ರತಿ ತೋಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ತೂಗಿ, ಮರದ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಕೆಲಸದ ಮೇಜಿನ ಮೇಲೆ ಒಂದೇ ಬಗೆಯ ಮದ್ದಿರಬೇಕು. ಮಾತು, ಫೋನು ಎರಡೂ ನಿಷಿದ್ಧ.

ಮೂತಿಯಿಂದ ತುಂಬುವ ಎನ್‌ಫೀಲ್ಡ್‌ಗಳಿಗೆ ಇನ್ನೊಂದು ಕಟ್ಟಳೆ. ಮದ್ದಿನ ಸೀಸೆಯಿಂದ ನೇರವಾಗಿ ನಳಿಗೆಗೆ ಸುರಿಯುವಂತಿಲ್ಲ. ಹಿಂದಿನ ಗುಂಡಿನ ಕಿಡಿ ಒಳಗೆ ಉಳಿದಿದ್ದರೆ ಇಡೀ ಸೀಸೆ ಕೈಯಲ್ಲೇ ಸಿಡಿಯುತ್ತದೆ. ಒಂದೊಂದು ಗುಂಡಿಗೆ ಒಂದೊಂದು ಪುಟ್ಟ ಕೊಳವೆಯಲ್ಲಿ ಮೊದಲೇ ಅಳೆದಿಟ್ಟ ಮದ್ದು, ಅಷ್ಟೇ.

ಸೆಂಚುರಿ ರೇಂಜ್

ಮರಗಳ ಮರೆ ದಾಟಿದೊಡನೆ ಸೆಂಚುರಿ ರೇಂಜ್ ಒಮ್ಮೆಲೇ ತೆರೆದುಕೊಳ್ಳುತ್ತದೆ. ಹಸಿರು ಹುಲ್ಲಿನ ಉದ್ದನೆಯ ಬಯಲು, ತುದಿಯಲ್ಲಿ ಮಣ್ಣಿನ ದಿಣ್ಣೆ, ದಿಣ್ಣೆಯ ಮುಂದೆ ನೂರಕ್ಕೂ ಹೆಚ್ಚು ಗುರಿ ಹಲಗೆಗಳ ಸಾಲು. ಇಲ್ಲಿ 600 ಗಜದವರೆಗೆ ಹಾರಿಸಬಹುದು. ಅದಕ್ಕಿಂತ ದೂರಕ್ಕೆ, 1,200 ಗಜದವರೆಗೆ, ಸ್ಟಿಕಲ್‌ಡೌನ್ ಎಂಬ ಬೇರೆ ರೇಂಜಿದೆ. ದಿಣ್ಣೆಯ ಮೇಲೆ ಕೆಂಪು ಬಾವುಟಗಳು. ಅವು ಅಪಾಯ ಸಾರುತ್ತವೆ, ಗಾಳಿಯ ಬೀಸನ್ನೂ ತೋರಿಸುತ್ತವೆ.

ಹಾರಿಸುವವರು ಸಾಲಾಗಿ ನೆಲದ ಮೇಲೆ ಮಲಗಿದ್ದರು. ಎಲ್ಲರ ಕಿವಿಗೆ ಮುಚ್ಚು, ಕಣ್ಣಿಗೆ ಕನ್ನಡಕ. ಹಿಂದೆ ರೇಂಜ್ ಆಫೀಸರ್. ಆತನ ಆಜ್ಞೆಯಾಗುವವರೆಗೆ ಯಾವ ಬೀಗವೂ ಮುಚ್ಚುವಂತಿಲ್ಲ. ತೋಟೆ ಗೂಡಿನಲ್ಲಿ ಬಣ್ಣದ ಪ್ಲಾಸ್ಟಿಕ್ ಬಾವುಟ ಸಿಕ್ಕಿಸಿ ಅದು ಖಾಲಿ ಎಂದು ದೂರಕ್ಕೂ ಕಾಣುವಂತೆ ತೋರಿಸಬೇಕು. ಯಾವ ಬಗೆಯ ಬಂದೂಕು ಹಾರಿಸಲು ಯಾರು ತರಬೇತಿ ಪಡೆದಿದ್ದಾರೆ ಎಂಬುದಕ್ಕೆ ಪ್ರತಿಯೊಬ್ಬರ ಬಳಿಯೂ ಕಾರ್ಡ್ ಇರಬೇಕು. ಅಪಾಯ ಕಂಡರೆ ‘ಸ್ಟಾಪ್’ ಎಂದು ಮೂರು ಸಲ ಕೂಗುವ ಅಧಿಕಾರ ಮಾತ್ರ ಆಫೀಸರ್‌ಗಷ್ಟೇ ಸೀಮಿತವಲ್ಲ. ಅದು ನನ್ನಂಥ ನೋಡುಗನಿಗೂ ಇದೆ, ಟೀ ತಂದುಕೊಡುವ ಹುಡುಗಿಗೂ ಇದೆ. ಕೂಗು ಬಿದ್ದ ಕ್ಷಣ ಇಡೀ ಸಾಲು ನಿಲ್ಲಬೇಕು.

ಆಜ್ಞೆಯಾಯಿತು. ಮೊದಲ ಮಾರ್ಟಿನಿ ಸಿಡಿದಾಗ ನೆಲ ಅದುರಿ ಅಂಗಾಲಿಗೆ ತಟ್ಟಿತು. ಬಿಳಿ ಹೊಗೆ ಎದ್ದು ಗುರಿ ಹಲಗೆಯನ್ನೇ ಮರೆಮಾಡಿತು. ಗಾಳಿ ಅದನ್ನು ಪಕ್ಕಕ್ಕೆ ಎಳೆದೊಯ್ಯುವವರೆಗೆ ಎರಡನೆಯ ಗುಂಡಿಲ್ಲ. ಹಳೆ ಕಾಳಗಗಳ ವರ್ಣನೆಯಲ್ಲಿ ಹೊಗೆಯ ಮಾತು ಅಷ್ಟೊಂದು ಏಕೆ ಬರುತ್ತದೆಂದು ಆಗ ಅರಿವಾಯಿತು.

ಅಷ್ಟರಲ್ಲಿ ಸಾಲಿನಲ್ಲಿ ಒಬ್ಬ ಮಹಿಳೆ ಟ್ರಿಗರ್ ಎಳೆದದ್ದಕ್ಕೆ ಬರೀ ಟಕ್ ಎಂಬ ಸದ್ದು. ಆಕೆ ಅಲುಗಲಿಲ್ಲ. ರೈಫಲ್ಲಿನ ಮೂತಿ ದಿಣ್ಣೆಯತ್ತಲೇ ಇತ್ತು, ಕೈ ಸನ್ನೆಗೆ ಹೋಗಲಿಲ್ಲ. ಒಂದೊಂದು ಸಲ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಬೀಗ ತೆರೆದ ಗಳಿಗೆಯಲ್ಲಿ ಹೊತ್ತಿದರೆ ಸಿಡಿಯುವುದು ಮುಖಕ್ಕೆ. ಪೂರ್ತಿ ಅರ್ಧ ನಿಮಿಷ ಆಕೆ ಹಾಗೇ ಕಾದರು. ಆಮೇಲೆ ಆಫೀಸರ್ ಪಕ್ಕದಲ್ಲಿ ಕೂತು, ಮುಖವನ್ನು ಬದಿಗೆ ಸರಿಸಲು ಹೇಳಿ ನಿಧಾನವಾಗಿ ತೆರೆಸಿದ. ತೋಟೆ ಸತ್ತಿತ್ತು. ಇಡೀ ದಿನ ನಾನು ಕಂಡ ಒಳ್ಳೆಯ ಗುರಿಗಾರಿಕೆ ಯಾವುದೆಂದು ಕೇಳಿದರೆ ಗುಂಡೇ ಹಾರದ ಆ ಅರ್ಧ ನಿಮಿಷ ಎನ್ನುತ್ತೇನೆ.

ದಿಣ್ಣೆಯ ಅಡಿಯಲ್ಲಿ

ಹಲಗೆಗಳ ಅಡಿಯಲ್ಲಿ ಕಾಂಕ್ರೀಟಿನ ಕಂದಕವಿದೆ. ಗುರಿ ಗುರುತಿಸುವವರು ನಿಲ್ಲುವುದು ಅಲ್ಲಿ. ಸುರಕ್ಷತೆಯ ಪಾಠ ಮುಗಿಸಿ ನನ್ನನ್ನೂ ಒಂದು ಸರದಿಗೆ ಕರೆದುಕೊಂಡು ಹೋದರು. ಗುಂಡು ತಲೆಯ ಮೇಲೆ ಹಾಯುತ್ತದೆ. ತ್ರೀ ನಾಟ್ ತ್ರೀ ಗುಂಡು ಹೊರಡುವ ವೇಗ ಸೆಕೆಂಡಿಗೆ 744 ಮೀಟರ್. ಅದು ಚಾಟಿಯ ಛಟೀಲಿನಂತೆ ಕೇಳಿ ಮುಗಿದ ಮೇಲೆ ಬಂದೂಕಿನ ಸದ್ದು ಬರುತ್ತದೆ. ಮಾರ್ಟಿನಿಯ ಗುಂಡು ಹೊರಡುವುದೇ ಸುಮಾರು 410 ಮೀಟರ್ ವೇಗದಲ್ಲಿ, ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. 600 ಗಜ ದಾಟಲು ಅದಕ್ಕೆ ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು.

ಗುಂಡು ಬಿದ್ದೊಡನೆ ಮರದ ಚೌಕಟ್ಟನ್ನು ಕೆಳಕ್ಕೆಳೆದು, ತೂತಿಗೆ ಬಿಲ್ಲೆ ಸಿಕ್ಕಿಸಿ, ಅಂಕದ ಗುರುತಿಟ್ಟು ಮೇಲಕ್ಕೆತ್ತಬೇಕು. ಮೈಬೆವರುವ ಕೆಲಸ. ನಾನು ಎಳೆದ ಹಲಗೆಯಲ್ಲಿ ಮಾರ್ಟಿನಿಯ ಗುಂಡು ಮಾಡಿದ್ದ ತೂತಿಗೆ ಕಿರುಬೆರಳು ಸಲೀಸಾಗಿ ಹೋಯಿತು. ಎಲುಬಿಗೆ ತಾಗಿದರೆ ಅದು ಏನು ಮಾಡೀತೆಂದು ಊಹಿಸಲು ಬೇರೆ ವಿವರಣೆ ಬೇಕಿರಲಿಲ್ಲ. ಗೋಡೆಗೆ ತೂಗುಹಾಕಿದ ರೈಫಲ್ ಅಲಂಕಾರದ ವಸ್ತುವಾಗಿಬಿಡಬಹುದು. ಹಲಗೆಯ ಈ ತೂತು ಅದನ್ನು ಯಾತಕ್ಕಾಗಿ ಮಾಡಿದ್ದೆಂಬುದನ್ನು ಮರೆಯಲು ಬಿಡುವುದಿಲ್ಲ. ಸಂಗ್ರಾಹಕನಿಗೆ ಇದು ಗೊತ್ತಿರಬೇಕು.

ಸಂಜೆ ಕ್ಲಬ್ಬಿನ ಹಿತ್ತಲಲ್ಲಿ ಕೆಟಲ್‌ಗಳ ಸಾಲು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಘನ ಕಸವಾಗಿ ಉಳಿಯುತ್ತದೆ. ಅದು ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ಉಕ್ಕನ್ನು ತಿನ್ನುತ್ತದೆ. ಹಳೆ ತೋಟೆಗಳ ಪ್ರೈಮರ್‌ನ ಉಪ್ಪೂ ಹಾಗೆಯೇ. ಎಣ್ಣೆಗೆ ಈ ಉಪ್ಪು ಕರಗದು, ನೀರೇ ಬೇಕು. ಕುದಿನೀರು ಸುರಿದು, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ. ಹಾರಿಸಿದಷ್ಟೇ ಹೊತ್ತು ತೊಳೆಯುವುದಕ್ಕೂ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಕಾನೂನು, ಮತ್ತು ನಮ್ಮ ಅಟ್ಟದ ಮೇಲಿನ ಕೋವಿ

ಬ್ರಿಟನ್ನಿನಲ್ಲಿ ಹಳೆಯ ರೈಫಲ್ಲನ್ನು ಬರೀ ಕುತೂಹಲಕ್ಕೆ, ಅಲಂಕಾರಕ್ಕೆ ಇಟ್ಟುಕೊಂಡರೆ 1968ರ ಕಾನೂನು ಪರವಾನಗಿ ಕೇಳುವುದಿಲ್ಲ. ಯಾವುದು ಪುರಾತನ ಎಂಬುದಕ್ಕೆ 2021ರಲ್ಲಿ ನಿಯಮ ಮಾಡಿ, ಬಳಕೆ ತಪ್ಪಿದ ತೋಟೆಗಳ ಪಟ್ಟಿ ಕೊಟ್ಟು, 1939ರ ಸೆಪ್ಟೆಂಬರ್ 1ಕ್ಕಿಂತ ಮೊದಲು ತಯಾರಾಗಿರಬೇಕೆಂದರು. ಆದರೆ ಹಾರಿಸುವ ಉದ್ದೇಶ ಬಂದ ಕ್ಷಣದಿಂದ ಅದೇ ಬಂದೂಕಿಗೆ ಪೊಲೀಸರ ಪ್ರಮಾಣಪತ್ರ ಬೇಕು. ಕರಿಮದ್ದಿಗೆ ಬೇರೆಯೇ ಅನುಮತಿ. ಅಮೆರಿಕದಲ್ಲಿ 1898ರವರೆಗೆ ತಯಾರಾದವು ಪುರಾತನ.

ಭಾರತದ ದಾರಿ ಬೇರೆ. .303 ನಮ್ಮಲ್ಲಿ ನಿಷಿದ್ಧ ಅಳತೆ, ಸಾಮಾನ್ಯ ನಾಗರಿಕರಿಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಪ್ರಾಚೀನ ಮೌಲ್ಯದ, ದುರಸ್ತಿ ಮಾಡಿದರೂ ಹಾರಿಸಲಾಗದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಈಗ 2029ರವರೆಗೆ ಮುಂದುವರಿದಿದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ತೋಕ್ ಪೂ ಎಂಬ ಹೂವೇರಿಸಿ ಪೂಜಿಸುವ ಮನೆಗಳಿಗೆ ಈ ಸಂಸ್ಕೃತಿ ಹೊಸದಲ್ಲ. ಬಿಸ್ಲಿಯ ಶಿಸ್ತನ್ನು ಅಲ್ಲಿ ಪರಿಚಯಿಸಬೇಕಾದದ್ದು ಏನಾದರೂ ಇದ್ದರೆ ಅದು ಒಂದೇ: ತಲೆಮಾರುಗಳ ಹಿಂದಿನ ನಳಿಗೆಯನ್ನು ಹಬ್ಬದ ಗುರಿಗೆ ತೆಗೆಯುವ ಮೊದಲು ಬಲ್ಲ ಬಂದೂಕು ಕಾರೀಗರನಿಂದ ಒಳಗೂ ಹೊರಗೂ ಪರೀಕ್ಷೆ ಮಾಡಿಸುವುದು.

ಉಳಿದ ಕರ್ನಾಟಕದಲ್ಲಿಯೂ ವಾಡೆ, ದೇಸಗತಿ ಮನೆ, ಹಳೆಯ ಬಂಗಲೆಗಳ ಅಟ್ಟದಲ್ಲಿ ಬಂದೂಕುಗಳಿವೆ. ಸಿಕ್ಕರೆ ಮೊದಲು ಮೂತಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿಡಿ. ಮೂತಿಯಿಂದ ತುಂಬುವ ಕೋವಿಯಲ್ಲಿ ನೂರು ವರ್ಷ ಹಿಂದಿನ ಮದ್ದು ಗುಂಡು ಹಾಗೇ ಇದ್ದೀತು, ಕರಿಮದ್ದು ಒಣಗಿದ್ದರೆ ಮುದಿಯಾಗುವುದಿಲ್ಲ. ಟ್ರಿಗರ್ ಮುಟ್ಟಬೇಡಿ, ಬೆಂಕಿಯ ಹತ್ತಿರ ತರಬೇಡಿ, ಮರಳುಕಾಗದದಿಂದ ಉಜ್ಜಬೇಡಿ. ಉಜ್ಜಿದರೆ ಮೊದಲು ಹೋಗುವುದು ಮುದ್ರೆಗಳು. ಫೋಟೊ ತೆಗೆದು, ಇಸವಿ, ಸಂಖ್ಯೆ, ಕಿರೀಟ, ಅಕ್ಷರ ಕಂಡಂತೆ ಬರೆದಿಟ್ಟು, ಪೊಲೀಸ್ ಠಾಣೆಗೆ ತಿಳಿಸಿ. ಮನೆಯ ಹಿರಿಯರು ಅದರ ಬಗ್ಗೆ ಹೇಳುವ ಮಾತನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮ್ಯೂಸಿಯಮ್ಮಿಗೆ ಹೋಗುವ ಬಂದೂಕಿನ ಜೊತೆ ಆ ಹಾಳೆಯೂ ಹೋಗಬೇಕು. ಮೈಸೂರು ಅರಮನೆಯ ಆಯುಧಶಾಲೆ, ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ನ ಮ್ಯೂಸಿಯಂ ನೋಡಿದವರಿಗೆ ಗೊತ್ತು, ಕಥೆಯಿರುವ ಆಯುಧದ ಮುಂದೆ ಮಕ್ಕಳು ನಿಲ್ಲುತ್ತಾರೆ, ಕಥೆಯಿಲ್ಲದ್ದನ್ನು ದಾಟಿ ಹೋಗುತ್ತಾರೆ.

ನಾನು ಬಿಸ್ಲಿಯಲ್ಲಿ ಒಂದು ಗುಂಡನ್ನೂ ಹಾರಿಸಲಿಲ್ಲ, ಅದಕ್ಕೆ ಬೇಕಾದ ಪರವಾನಗಿ ನನ್ನಲ್ಲಿರಲಿಲ್ಲ. ಆದರೆ ಹುಡುಕಿ ಬಂದ ಉತ್ತರ ಸಿಕ್ಕಿತು. ಹಳೆ ಬಂದೂಕನ್ನು ಸುರಕ್ಷಿತವಾಗಿಸುವ ಶ್ರಮವೂ ಅದರ ಚರಿತ್ರೆಯನ್ನು ಅರಿಯುವ ಶ್ರಮವೂ ಬೇರೆಬೇರೆಯಲ್ಲ. ಎಲ್ಲಿ ಹುಟ್ಟಿತು, ಯಾರು ತಿದ್ದಿದರು, ಯಾರ ಕೈಯಿಂದ ಕಿತ್ತುಕೊಂಡು ಯಾರ ಕೈಗೆ ಕೊಟ್ಟರು ಎಂದು ಕೇಳುತ್ತ ಹೋದವನಿಗೇ ಅದನ್ನು ಹಾರಿಸಬಹುದೇ ಬಾರದೇ ಎಂಬುದೂ ತಿಳಿಯುತ್ತದೆ. ನಮ್ಮ ನೆಲದ ಮೇಲೆ ಗುರಿಯಿಟ್ಟ, ನಮ್ಮವರಿಂದ ಕಿತ್ತುಕೊಂಡ, ನಮ್ಮ ಕಾರ್ಖಾನೆಯಲ್ಲಿ ಹುಟ್ಟಿದ ರೈಫಲ್‌ಗಳನ್ನು ಇಂದು ಅಕ್ಷರ ಅಕ್ಷರವಾಗಿ ಓದುತ್ತಿರುವವರು ಸರ್ರಿಯ ನಿವೃತ್ತ ಎಂಜಿನಿಯರ್‌ಗಳು. ಅವರ ಬಗ್ಗೆ ನನಗೆ ಗೌರವವಿದೆ. ಆ ಓದು ನಮ್ಮಲ್ಲೂ ಶುರುವಾಗಬೇಕು. ಅದಕ್ಕೆ ಗುಂಡೂ ಬೇಡ, ಮದ್ದೂ ಬೇಡ. ಒಂದು ಟಾರ್ಚು, ಒಂದು ಭೂತಗನ್ನಡಿ, ಬರೆದುಕೊಳ್ಳಲು ಒಂದು ಪುಸ್ತಕ ಸಾಕು.